ಫೈಲ್ ಯಾರ ಹೆಸರಲ್ಲಿದೆ?

"ಹೋದ ಸಲ ಮಾಡಿದ್ರಲ್ಲಕ್ಕಾ, ಅದನ್ನೇ ತಾರೀಖು ತಿದ್ದಿ ಕೊಡ್ರಿ."

ದಾವಣಗೆರೆಯಲ್ಲಿ ಡಿಸೈನ್ ಕೆಲಸ ಮಾಡುವ ಯಾರನ್ನೇ ಕೇಳಿ, ಈ ಮಾತು ಅವರ ಕಿವಿಗೆ ಬೀಳದ ದಿನವಿಲ್ಲ. ಹೋಟೆಲಿನವರಿಗೆ ದರಪಟ್ಟಿ ಅದೇ ಬೇಕು, ಬೆಣ್ಣೆದೋಸೆಯ ಬೆಲೆ ಮಾತ್ರ ಐದು ರೂಪಾಯಿ ಏರಬೇಕು. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಜಿಎಸ್‌ಟಿ ಬಂದಾಗ ಗಿರಣಿಯವರಿಗೆ ಚೀಲದ ಮೇಲೆ 25 ಇದ್ದದ್ದು 26 ಆಗಬೇಕಾಯಿತು, ಉಳಿದ ಚಿತ್ರವೆಲ್ಲ ಹಾಗೇ ಇರಬೇಕಿತ್ತು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಶುಭ ಕೋರುವ ಫ್ಲೆಕ್ಸಿನ ವಿನ್ಯಾಸ ಹಳೆಯದೇ, ಫೋಟೊ ಸಾಲಿನಲ್ಲಿ ಒಬ್ಬರು ಹೋಗಿ ಇಬ್ಬರು ಸೇರುತ್ತಾರೆ.

ಗ್ರಾಹಕರ ಕೈಯಲ್ಲಿ ಉಳಿಯುವುದು ಪ್ರಿಂಟ್ ಆದ ಕಾಗದ. ಮೂಲ ಫೈಲ್ ನಮ್ಮಲ್ಲಿ ಇದ್ದೇ ಇರುತ್ತದೆ ಎಂದು ಅವರು ನಂಬಿರುತ್ತಾರೆ. ಅದಕ್ಕೆ ಅವರು ಬೇರೆ ದುಡ್ಡು ಕೊಡುವುದಿಲ್ಲ, ನಾವೂ ಕೇಳುವುದಿಲ್ಲ. ಹೀಗೆ ಊರಿನ ನೂರಾರು ಅಂಗಡಿ, ಕಾಲೇಜು, ಆಸ್ಪತ್ರೆ, ಮಠಗಳ ಮುಖಚಹರೆ ಪಿ.ಜೆ. ಬಡಾವಣೆ, ವಿದ್ಯಾನಗರ, ಮಂಡಿಪೇಟೆಯ ಪುಟ್ಟ ಪುಟ್ಟ ಸ್ಟುಡಿಯೊಗಳ ಹಾರ್ಡ್‌ಡಿಸ್ಕಿನಲ್ಲಿ ಕುಳಿತಿದೆ. ಈ ಫೈಲುಗಳನ್ನು ಕ್ಲೌಡ್‌ಗೆ, ಅಂದರೆ ಇಂಟರ್‌ನೆಟ್ ಮೂಲಕ ಕಂಪನಿಗಳ ಕಂಪ್ಯೂಟರಿನಲ್ಲಿ ಸಿಗುವ ಜಾಗಕ್ಕೆ, ಹಾಕಬೇಕು ಎಂಬುದರಲ್ಲಿ ಈಗ ಯಾರಿಗೂ ತಕರಾರಿಲ್ಲ. ಯಾವುದಕ್ಕೆ, ಹೇಗೆ ಎಂಬಲ್ಲಿ ಮಾತ್ರ ಗೊಂದಲ. ಕೇಳಿದವರೆಲ್ಲ ಮೊದಲು ಹೇಳುವುದು "ಎಷ್ಟು ಜಿಬಿ, ಎಷ್ಟು ರೂಪಾಯಿ" ಎಂಬ ಲೆಕ್ಕ. ಐದಾರು ಜನ ಕೆಲಸ ಮಾಡುವ ನಮ್ಮ ಸ್ಟುಡಿಯೊಗೆ ಒಂದನ್ನು ಆರಿಸಲು ಕೂತಾಗ ನನಗೆ ಆ ಲೆಕ್ಕ ಎರಡನೆಯದು ಅನ್ನಿಸಿತು. ಯಾಕೆ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಜಿಬಿಯ ಮಾತನ್ನು ಮೊದಲೇ ಮುಗಿಸಿಬಿಡೋಣ, ಏಕೆಂದರೆ ಉಚಿತ ಖಾತೆಯಲ್ಲೇ ಸಾಗಿಸಬಹುದು ಎಂಬ ಆಸೆ ಅಲ್ಲೇ ಬಗೆಹರಿಯುತ್ತದೆ. ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಫ್ಲೆಕ್ಸ್ ತೆಗೆದುಕೊಳ್ಳಿ. ಇಂಚಿಗೆ 72 ಪಿಕ್ಸೆಲ್ ಇಟ್ಟರೂ 17,280 ಗುಣಿಸು 8,640, ಅಂದರೆ ಹತ್ತಿರ ಹತ್ತಿರ 15 ಕೋಟಿ ಪಿಕ್ಸೆಲ್. ಪ್ರಿಂಟಿನ ನಾಲ್ಕು ಬಣ್ಣಕ್ಕೆ ಒಂದೊಂದು ಬೈಟ್ ಹಿಡಿದರೆ, ಕುಗ್ಗಿಸುವ ಮುನ್ನ ಒಂದೇ ಲೇಯರ್ (ಚಿತ್ರದ ಪದರ) 600 ಎಂಬಿ. ಹಿನ್ನೆಲೆ, ಫೋಟೊಗಳು, ನೆರಳು, ಅಕ್ಷರ ಎಂದು ಲೇಯರ್ ಏರಿದಂತೆ ಫೈಲು ಊದುತ್ತದೆ. ಫೋಟೊಶಾಪಿನ ಮಾಮೂಲಿ ಫೈಲು ಪಿಎಸ್‌ಡಿಗೆ 2 ಜಿಬಿಯ ಮಿತಿಯಿದೆ, ಅದನ್ನು ದಾಟಿದರೆ ಅದರ ದೊಡ್ಡ ರೂಪವಾದ ಪಿಎಸ್‌ಬಿ ಆಗಿ ಸೇವ್ ಮಾಡಬೇಕು. ಗೂಗಲ್ ಖಾತೆಯ ಜೊತೆ ಉಚಿತವಾಗಿ ಬರುವುದು 15 ಜಿಬಿ, ಅದರಲ್ಲೇ ಮೇಲ್ ಮತ್ತು ಫೋಟೊಗಳೂ ಇರಬೇಕು. ಒನ್‌ಡ್ರೈವ್ 5 ಜಿಬಿ ಕೊಡುತ್ತದೆ, ಡ್ರಾಪ್‌ಬಾಕ್ಸ್ 2 ಜಿಬಿ. ಲಗ್ನಪತ್ರಿಕೆಯ ಸೀಸನ್ನು ಶುರುವಾಗಿ ವಾರ ಕಳೆಯುವುದರೊಳಗೆ ಇವೆಲ್ಲ ತುಂಬಿಹೋಗುತ್ತವೆ. ದುಡ್ಡು ಕೊಟ್ಟೇ ತೆಗೆದುಕೊಳ್ಳಬೇಕು. ಹಾಗಾದರೆ ಆ ದುಡ್ಡಿಗೆ ಏನು ಕೇಳಬೇಕು?

ನನ್ನ ಮೊದಲ ಪ್ರಶ್ನೆ ಒಡೆತನದ್ದು. ನಮ್ಮ ಊರಿನಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇರುವುದರಿಂದ ಕೈಯಲ್ಲಿ ಕಲೆ ಇರುವ ಹುಡುಗ ಹುಡುಗಿಯರು ಸಿಗುತ್ತಾರೆ. ಒಂದೆರಡು ವರ್ಷ ನಮ್ಮಲ್ಲಿ ಕೆಲಸ ಮಾಡಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಹೋಗಲೇಬೇಕು, ಅವರು ಬೆಳೆಯುವ ವಯಸ್ಸು ಅದು. ಆದರೆ ಅವರು ಮಾಡಿದ ಕೆಲಸ ಎಲ್ಲಿ ಉಳಿಯುತ್ತದೆ? ಬಹಳಷ್ಟು ಸ್ಟುಡಿಯೊಗಳಲ್ಲಿ ಅದು ಅವರವರ ಸ್ವಂತ ಜಿಮೇಲ್‌ನ ಡ್ರೈವ್‌ನಲ್ಲಿ ಉಳಿಯುತ್ತದೆ. ಮಾಲೀಕರಿಗೆ ಶೇರ್ ಆಗಿರುತ್ತದೆ, ಕಾಣುತ್ತದೆ, ತೆರೆಯುತ್ತದೆ, ಹಾಗಾಗಿ ತಮ್ಮದೇ ಎಂದುಕೊಂಡಿರುತ್ತಾರೆ. ಹೊಲವನ್ನು ಯಾರು ಉಳುತ್ತಿದ್ದರೂ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದೇ ಕೊನೆಗೆ ನಿಲ್ಲುವ ಹಾಗೆ, ಇಲ್ಲಿಯೂ ಫೈಲು ಯಾರ ಖಾತೆಯಲ್ಲಿ ಹುಟ್ಟಿತೋ ಅವರದ್ದೇ. ಅವರು ತಮ್ಮ ಡ್ರೈವ್ ತುಂಬಿತೆಂದು ಹಳೆಯದನ್ನೆಲ್ಲ ಅಳಿಸಿದರೆ ನಮ್ಮ ಪರದೆಯಿಂದಲೂ ಹೋಯಿತು. ಅದರಲ್ಲಿ ಅವರ ದುರುದ್ದೇಶವೇನೂ ಇರಬೇಕಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಮದುವೆಯಾಗಿ ಹೋದ ಹುಡುಗಿ ಹಳೆಯ ಮೇಲ್ ಐಡಿಯನ್ನು ಮರೆತರೂ ಸಾಕು.

ಚಿತ್ರದುರ್ಗದಲ್ಲಿ ನನ್ನ ಗೆಳತಿಯೊಬ್ಬಳ ಸ್ಟುಡಿಯೊದಲ್ಲಿ ಇದು ನಡೆದೇ ಹೋಯಿತು. ಕೆಲಸ ಬಿಟ್ಟ ಹುಡುಗ ಒಳ್ಳೆಯವನು, ಫೋನ್ ಮಾಡಿದರೆ ಎತ್ತುತ್ತಿದ್ದ, "ಅಕ್ಕಾ, ಆ ಐಡಿ ಪಾಸ್‌ವರ್ಡ್ ಹಳೇ ನಂಬರಿಗೆ ಲಿಂಕ್ ಆಗೇತಿ, ಆ ಸಿಮ್ ಈಗ ಇಲ್ರಿ" ಎನ್ನುತ್ತಿದ್ದ. ಒಂದು ಶಾಲೆಯ ಪೂರ್ತಿ ಲಾಂಛನ, ಸಮವಸ್ತ್ರದ ಬ್ಯಾಡ್ಜು, ಪ್ರಮಾಣಪತ್ರ, ಎಲ್ಲವನ್ನೂ ಹಳೆಯ ಪ್ರಿಂಟ್ ಸ್ಕ್ಯಾನ್ ಮಾಡಿ ಮತ್ತೆ ಗೆರೆ ಗೆರೆಯಾಗಿ ಎಳೆಯಬೇಕಾಯಿತು. ಅವಳು ಅದಕ್ಕೆ ಬಿಲ್ ಮಾಡಲಿಲ್ಲ. ಮಾಡುವುದಾದರೂ ಹೇಗೆ?

ಇದಕ್ಕೆ ಉತ್ತರ ಇದೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಶೇರ್ಡ್ ಡ್ರೈವ್ ಎಂಬುದೊಂದಿದೆ. ವೈಯಕ್ತಿಕ ಜಿಮೇಲ್‌ನಲ್ಲಿ ಸಿಗುವುದಿಲ್ಲ. ಅದರಲ್ಲಿಟ್ಟ ಫೈಲು ಮಾಡಿದವರ ಹೆಸರಿನಲ್ಲಿ ಇರದೆ ಸಂಸ್ಥೆಯ ಹೆಸರಿನಲ್ಲಿ ಇರುತ್ತದೆ. ಹುಡುಗರ ಖಾತೆ ಮುಚ್ಚಿದರೂ ಫೈಲು ಅಲುಗುವುದಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಅನುಕೂಲವೆಂದರೆ ಅಧಿಕಾರದ ಮೆಟ್ಟಿಲುಗಳು. ಕಾಂಟ್ರಿಬ್ಯೂಟರ್ ಎಂಬ ಪಾತ್ರ ಕೊಟ್ಟರೆ ಆ ವ್ಯಕ್ತಿ ಹೊಸ ಫೈಲ್ ಸೇರಿಸಬಹುದು, ಇದ್ದದ್ದನ್ನು ತಿದ್ದಬಹುದು, ಅಳಿಸಲು ಬರುವುದಿಲ್ಲ. ಹೊಸದಾಗಿ ಸೇರಿದವರಿಗೆ ಇದೇ ಸರಿ. ಡ್ರಾಪ್‌ಬಾಕ್ಸ್‌ನ ತಂಡದ ಖಾತೆಗಳಲ್ಲೂ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್‌ನಲ್ಲೂ ಸಂಸ್ಥೆಯ ಹೆಸರಿನಲ್ಲಿ ಜಾಗ ಇಡುವ ವ್ಯವಸ್ಥೆ ಇದೆ. ಯಾವುದನ್ನು ಆರಿಸಿದರೂ, ಕೆಲಸಗಾರರ ಹೆಸರಿನಲ್ಲಿ ವೈಯಕ್ತಿಕ ಪ್ಲಾನ್‌ಗಳನ್ನು ಅಗ್ಗಕ್ಕೆ ಕೊಂಡು ಅದರಲ್ಲಿ ಸ್ಟುಡಿಯೊ ನಡೆಸಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉಳಿಯುವ ದುಡ್ಡು ಒಂದು ಲಾಂಛನ ಮತ್ತೆ ಎಳೆಯುವ ಖರ್ಚಿಗೂ ಸಾಲದು.

ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆಯಲು ಒಂದು ಡೊಮೈನ್ ಹೆಸರೂ (ಇಂಟರ್‌ನೆಟ್ಟಿನಲ್ಲಿ ನಮ್ಮದೇ ವಿಳಾಸ) ಬೇಕಾಗಬಹುದು. ಆ ಡೊಮೈನ್ ಕೂಡ ಸ್ಟುಡಿಯೊ ಹೆಸರಿನಲ್ಲೇ ಇರಲಿ. ವೆಬ್‌ಸೈಟ್ ಮಾಡಿಕೊಟ್ಟ ಗೆಳೆಯರ ಹೆಸರಿನಲ್ಲಿ ಅದು ನೋಂದಣಿಯಾಗಿದ್ದರೆ ನಿಮ್ಮ ಬೀಗದ ಕೈ ಅವರ ಜೇಬಿನಲ್ಲಿ. ಅಡ್ಮಿನ್ ಖಾತೆಯ ಎರಡನೇ ಹಂತದ ಪರಿಶೀಲನೆಗೆ ಇಬ್ಬರ ಫೋನ್ ಇರಲಿ, ಬ್ಯಾಕಪ್ ಕೋಡುಗಳನ್ನು ಪ್ರಿಂಟ್ ಮಾಡಿ ಬೀರುವಿನಲ್ಲಿಡಿ.

ಎರಡನೆಯ ಪ್ರಶ್ನೆ: ನಮ್ಮ ಕೆಲಸ ಯಾರ್ಯಾರ ಕೈ ದಾಟುತ್ತದೆ? ನಮ್ಮಲ್ಲಿ ತಯಾರಾದ ಫೈಲ್ ಮೊದಲು ಗ್ರಾಹಕರ ಫೋನಿಗೆ ಹೋಗುತ್ತದೆ, ಒಪ್ಪಿಗೆಯಾದ ಮೇಲೆ ಆಫ್‌ಸೆಟ್ ಪ್ರೆಸ್ಸಿಗೋ ಫ್ಲೆಕ್ಸ್ ಮೆಷಿನ್ನಿಗೋ ಹೋಗುತ್ತದೆ, ಕ್ಯಾಲೆಂಡರ್ ಆದರೆ ಒಮ್ಮೊಮ್ಮೆ ಶಿವಕಾಶಿಯವರೆಗೂ ಹೋಗುತ್ತದೆ. ಇವರಲ್ಲಿ ಯಾರೂ ನಮಗಾಗಿ ಹೊಸ ಖಾತೆ ತೆರೆಯುವುದಿಲ್ಲ. ಪ್ರೆಸ್ಸಿನವರು "ಲಿಂಕ್ ಬ್ಯಾಡ್ರಿ, ಪೆನ್‌ಡ್ರೈವ್‌ನಾಗ ಹಾಕಿ ಹುಡುಗನ ಕೈಲಿ ಕಳಿಸ್ರಿ" ಎನ್ನುವುದು ಹಟದಿಂದಲ್ಲ. ಆ ಕಡೆ ಮೆಷಿನ್ ಮುಂದೆ ನಿಂತವರಿಗೆ ಲಾಗಿನ್ ಪರದೆ ಬಂದರೆ ಕೆಲಸ ನಿಲ್ಲುತ್ತದೆ, ಪ್ಲೇಟ್ ಕಾಯುತ್ತದೆ. ಹಾಗಾಗಿ ನಾನು ನೋಡಿದ್ದು: ಲಿಂಕ್ ಒತ್ತಿದರೆ ಲಾಗಿನ್ ಕೇಳದೆ ಡೌನ್‌ಲೋಡ್ ಆಗಬೇಕು, ಗ್ರಾಹಕರ ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲಿ ಚಿತ್ರ ಮೊದಲು ಕಾಣಬೇಕು. ನಮ್ಮ ಊರಿನ ಅಂಗಡಿಯವರ ಫೋನುಗಳಲ್ಲಿ ಜಿಮೇಲ್ ಖಾತೆ ಇದ್ದೇ ಇರುತ್ತದೆ, ಡ್ರೈವ್ ಆ್ಯಪ್ ಬಂದಾಗಲೇ ಇರುತ್ತದೆ. ಗೂಗಲ್ ಕಡೆಗೆ ತಕ್ಕಡಿ ವಾಲಲು ಇದು ದೊಡ್ಡ ಕಾರಣವಾಯಿತು. ಫೈಲ್ ಸಿಂಕ್ ಮಾಡುವುದರಲ್ಲಿ, ಅಂದರೆ ಎಲ್ಲ ಕಡೆಯ ಪ್ರತಿ ಒಂದೇ ಆಗಿರುವಂತೆ ನೋಡಿಕೊಳ್ಳುವುದರಲ್ಲಿ, ಡ್ರಾಪ್‌ಬಾಕ್ಸ್ ಮೊದಲಿನಿಂದಲೂ ಚುರುಕು. ಫೈಲನ್ನು 4 ಎಂಬಿಯ ತುಂಡುಗಳಾಗಿ ಮಾಡಿ, ಬದಲಾದ ತುಂಡನ್ನಷ್ಟೇ ಮೇಲಕ್ಕೆ ಕಳಿಸುವ ವಿಧಾನ ಅದರದ್ದು. ಬರೀ ಡಿಸೈನರ್‌ಗಳ ನಡುವೆ ಕೆಲಸ ಓಡಾಡುವ ಸ್ಟುಡಿಯೊ ನಮ್ಮದಾಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ.

ವಾಟ್ಸ್ಆ್ಯಪ್ ಬಗ್ಗೆ ಒಂದು ಮಾತು. ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಕುಗ್ಗಿಸುವುದಿಲ್ಲ, ಮತ್ತು 2022ರಿಂದ 2 ಜಿಬಿವರೆಗೆ ಹೋಗುತ್ತದೆ. ಒಪ್ಪಿಗೆಗೆ ಅದು ಸಾಕು, ಅದರಷ್ಟು ಬೇಗ ಉತ್ತರ ತರುವ ಬೇರೆ ದಾರಿಯೂ ಇಲ್ಲ. ಆದರೆ ಯಾವ ತಿದ್ದುಪಡಿ ಕೊನೆಯದು ಎಂಬುದಕ್ಕೆ ವಾಟ್ಸ್ಆ್ಯಪ್ ಸಾಕ್ಷಿಯಾಗಲಾರದು. ದೊಡ್ಡ ಫೈಲ್ ಕಳಿಸಲು ನಮ್ಮಲ್ಲಿ ಹಲವರು ವೀಟ್ರಾನ್ಸ್‌ಫರ್ ನಂಬಿದ್ದರು. 2020ರ ಮೇ ತಿಂಗಳಲ್ಲಿ, ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಹೊತ್ತಿನಲ್ಲೇ, ದೂರಸಂಪರ್ಕ ಇಲಾಖೆಯ ಆದೇಶದಿಂದ ದೇಶದಲ್ಲಿ ಅದು ತೆರೆಯದಾಯಿತು. ಅಂದಿನಿಂದ ನನಗೆ ಒಂದೇ ದಾರಿಯ ಮೇಲೆ ಪೂರ್ತಿ ಭಾರ ಹಾಕಲು ಮನಸ್ಸು ಬರುವುದಿಲ್ಲ.

ಲಿಂಕ್ ಎಷ್ಟು ಸಲೀಸೋ ಅಷ್ಟೇ ಅಪಾಯ. 'ಲಿಂಕ್ ಇರುವ ಯಾರಾದರೂ' ಎಂದು ತೆರೆದಿಟ್ಟು, ತಿದ್ದುವ ಅನುಮತಿಯನ್ನೂ ಕೊಟ್ಟು, ಅದು ಯಾವುದೋ ಕುಟುಂಬದ ಗ್ರೂಪಿಗೆ ಫಾರ್ವರ್ಡ್ ಆದರೆ ಮುಂದೆ ಯಾರು ಏನು ಮಾಡುತ್ತಾರೆ ಎಂದು ಹೇಳಲಾಗದು. ಹೊರಗೆ ಹೋಗುವ ಲಿಂಕಿಗೆ ನೋಡುವ ಅನುಮತಿ ಮಾತ್ರ, ಅದೂ ಆ ಒಂದು ಫೈಲಿಗೆ, ಇಡೀ ಫೋಲ್ಡರಿಗೆ ಅಲ್ಲ. ನಮ್ಮಲ್ಲಿ ಮದುವೆಯ ಪತ್ರಿಕೆಗೆಂದು ಬಂದ ಮನೆಮಂದಿಯ ಫೋಟೊ, ವಿಳಾಸ, ಫೋನ್ ನಂಬರುಗಳಿರುತ್ತವೆ. ಗುರುತಿನ ಚೀಟಿ ಮಾಡಿಸಲು ಶಾಲೆಯವರು ಇಡೀ ತರಗತಿಯ ಮಕ್ಕಳ ಭಾವಚಿತ್ರ, ಹುಟ್ಟಿದ ದಿನ, ರಕ್ತದ ಗುಂಪು ಕಳಿಸುತ್ತಾರೆ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ, ಅದರಲ್ಲಿ ಮಕ್ಕಳ ಮಾಹಿತಿಗೆ ಹೆಚ್ಚಿನ ಕಾಳಜಿ ಇದೆ. ಕಾಯ್ದೆ ಇರದಿದ್ದರೂ, ಒಂದು ಹೆಣ್ಣುಮಗುವಿನ ಫೋಟೊ ಮತ್ತು ಮನೆ ವಿಳಾಸ ಇರುವ ಎಕ್ಸೆಲ್ ಶೀಟ್ ತೆರೆದ ಲಿಂಕಿನಲ್ಲಿ ಬಿದ್ದಿರುವುದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಅಂಥವನ್ನು ನಾವು ಬೇರೆಯೇ ಶೇರ್ಡ್ ಡ್ರೈವ್‌ನಲ್ಲಿ, ಆ ಕೆಲಸ ಮಾಡುವವರಿಗೆ ಮಾತ್ರ ಕಾಣುವಂತೆ ಇಟ್ಟಿದ್ದೇವೆ. ಚೀಟಿ ಪ್ರಿಂಟ್ ಆಗಿ ಶಾಲೆಗೆ ತಲುಪಿದ ಮೇಲೆ ಅಳಿಸುತ್ತೇವೆ.

ಈಗ ವೇಗದ ವಿಷಯ. ಇಂಟರ್‌ನೆಟ್ ಕಂಪನಿಯವರು ಹೇಳುವುದು ಮೆಗಾಬಿಟ್, ನಮ್ಮ ಫೈಲ್ ಇರುವುದು ಮೆಗಾಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟ್. ಅಪ್‌ಲೋಡ್ ವೇಗ 20 ಎಂಬಿಪಿಎಸ್ ನಿಜವಾಗಿಯೂ ಸಿಗುತ್ತದೆ ಎಂದುಕೊಂಡರೆ, 600 ಎಂಬಿಯ ಫ್ಲೆಕ್ಸ್ ಫೈಲು ನಾಲ್ಕು ನಿಮಿಷದಲ್ಲಿ ಹೋಗುತ್ತದೆ. ಚಹಾ ಕುಡಿದು ಬರುವಷ್ಟು ಹೊತ್ತು, ಪರವಾಗಿಲ್ಲ. ಆದರೆ ಹಳೆಯ ಕೆಲಸಗಳ ಒಂದು ಟಿಬಿ ಹಾರ್ಡ್‌ಡಿಸ್ಕ್ ಪೂರ್ತಿ ಏರಿಸಲು ಹಗಲೂ ರಾತ್ರಿ ನಿಲ್ಲದೆ ನಡೆದರೂ ನಾಲ್ಕೂವರೆ ದಿನಕ್ಕಿಂತ ಹೆಚ್ಚು ಬೇಕು. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗುವ ಊರಿನಲ್ಲಿ ಅದು ವಾರ ದಾಟುತ್ತದೆ. ಆದ್ದರಿಂದ ಪ್ಲಾನ್ ಕೊಳ್ಳುವ ಮುಂಚೆ ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ಎಷ್ಟು ಎಂದು ಕೇಳಿ. ರೂಟರಿಗೂ ಯುಪಿಎಸ್ ಕೊಡಿ.

ಇದರಿಂದಲೇ ಇನ್ನೊಂದು ನಿರ್ಧಾರ ಹುಟ್ಟಿತು. ಡ್ರೈವ್‌ನ ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಎರಡು ರೀತಿ ಇವೆ. ಸ್ಟ್ರೀಮ್ ಎಂದರೆ ಫೈಲಿನ ಹೆಸರಷ್ಟೇ ನಮ್ಮ ಕಂಪ್ಯೂಟರಿನಲ್ಲಿ ಕಾಣುತ್ತದೆ, ತೆರೆದಾಗ ಇಳಿದು ಬರುತ್ತದೆ. ಮಿರರ್ ಎಂದರೆ ಪೂರ್ತಿ ನಕಲು ಇಲ್ಲೂ ಇರುತ್ತದೆ. ಹಳೆಯ ಕೆಲಸಕ್ಕೆ ಸ್ಟ್ರೀಮ್ ಒಳ್ಳೆಯದು, ಜಾಗ ಉಳಿಯುತ್ತದೆ. ಈ ವಾರ ನಡೆಯುತ್ತಿರುವ ಕೆಲಸಕ್ಕೆ ಅದು ಬೇಡ. ಚುನಾವಣೆಯ ದಿನಗಳಲ್ಲಿ ಅಥವಾ ಗಣೇಶನ ಹಬ್ಬದ ಹಿಂದಿನ ರಾತ್ರಿ ಗ್ರಾಹಕರು ಎದುರಿಗೆ ಕೂತಿರುವಾಗ ನೆಟ್ ಇಲ್ಲವೆಂದು ಫೈಲ್ ತೆರೆಯದಿದ್ದರೆ ಯಾವ ಕ್ಲೌಡೂ ಉಪಯೋಗಕ್ಕೆ ಬಾರದು. ಹಾಗಾಗಿ ನಡೆಯುತ್ತಿರುವ ಕೆಲಸ ನಮ್ಮ ಸ್ಟುಡಿಯೊದ ಒಳಗೇ ಇರುವ ಒಂದು ಪುಟ್ಟ ನ್ಯಾಸ್ ಪೆಟ್ಟಿಗೆಯಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಜೋಡಿಸಿದ ಡಿಸ್ಕ್ ಪೆಟ್ಟಿಗೆಯಲ್ಲಿ, ಇರುತ್ತದೆ. ಎರಡು ಡಿಸ್ಕ್, ಒಂದರಲ್ಲಿರುವುದೇ ಇನ್ನೊಂದರಲ್ಲಿ. ಫೋಟೊಶಾಪ್ ಫೈಲನ್ನು ನೆಟ್‌ವರ್ಕ್ ಮೇಲೆ ನೇರವಾಗಿ ತೆರೆದು ಕೆಲಸ ಮಾಡುವುದನ್ನು ಅಡೋಬಿಯವರೇ ಬೇಡವೆನ್ನುತ್ತಾರೆ, ಆದ್ದರಿಂದ ಬೆಳಿಗ್ಗೆ ತಮ್ಮ ಕಂಪ್ಯೂಟರಿಗೆ ತಂದುಕೊಂಡು ಸಂಜೆ ವಾಪಸ್ ಇಡುತ್ತೇವೆ. ರಾತ್ರಿ ಅದು ಮೇಲಕ್ಕೆ ಹೋಗುತ್ತದೆ.

ಇಷ್ಟು ಮಾಡಿದರೆ ಎಲ್ಲ ಭದ್ರ ಎಂದು ಹಲವರು ತಿಳಿಯುತ್ತಾರೆ. ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ: ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಅದೇ ಸಿಂಕಿನ ಧರ್ಮ. ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ (ಫೈಲು ಒತ್ತೆ ಇಟ್ಟು ದುಡ್ಡು ಕೇಳುವ ವೈರಸ್) ಹೊಕ್ಕು ಫೈಲುಗಳನ್ನೆಲ್ಲ ಬೀಗ ಹಾಕಿಟ್ಟರೆ ಆ ಕೆಟ್ಟ ಪ್ರತಿಯೇ ನಿಷ್ಠೆಯಿಂದ ಮೇಲೇರುತ್ತದೆ. ಕದ್ದ ಸಾಫ್ಟ್‌ವೇರ್ ಬಳಸುವ ಕಡೆ ಈ ಪಿಡುಗು ಬೇಗ ಹೊಕ್ಕುತ್ತದೆ ಎಂಬುದನ್ನು ನಮ್ಮ ಕಸುಬಿನವರು ಒಪ್ಪಿಕೊಳ್ಳಬೇಕು. ಗೂಗಲ್ ಡ್ರೈವ್‌ನ ಟ್ರ್ಯಾಶ್ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ. ಪಿಎಸ್‌ಡಿ, ಕೋರೆಲ್‌ಡ್ರಾದ ಸಿಡಿಆರ್ ಥರದ ಫೈಲುಗಳ ಹಳೆಯ ಆವೃತ್ತಿಗಳು ಕೂಡ 30 ದಿನದ ಮೇಲೆ ಅಥವಾ 100 ಆವೃತ್ತಿ ದಾಟಿದ ಮೇಲೆ ಹೋಗಬಹುದು, ಉಳಿಸು ಎಂದು ನಾವೇ ಗುರುತು ಹಾಕಿದ್ದರೆ ಮಾತ್ರ ಉಳಿಯುತ್ತವೆ. ದುಗ್ಗಮ್ಮನ ಜಾತ್ರೆಯ ಫೈಲನ್ನು ಯಾರೋ ಅಳಿಸಿದ್ದು ನಮಗೆ ಗೊತ್ತಾಗುವುದು ಮುಂದಿನ ಜಾತ್ರೆಗೆ, ಎರಡು ವರ್ಷ ಬಿಟ್ಟು. ಆಗ 30 ದಿನದ ಟ್ರ್ಯಾಶ್ ಯಾವ ಕೆಲಸಕ್ಕೆ?

ಅಮೆರಿಕದ ಫೋಟೊಗ್ರಾಫರ್ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಎಂಬ ನಿಯಮ ಇದಕ್ಕೇ ಇದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ದೊಡ್ಡ ಕಂಪನಿ ನೋಡಿಕೊಳ್ಳುತ್ತದೆ, ನಮಗೇಕೆ ಎನ್ನುವವರಿಗೆ ಎರಡು ಘಟನೆ ಹೇಳುತ್ತೇನೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿ ಗೂಗಲ್ ಕ್ಲೌಡ್‌ನಲ್ಲಿ ಇಟ್ಟಿದ್ದ ಖಾಸಗಿ ಕ್ಲೌಡ್ ಒಂದು ತಪ್ಪು ಸೆಟ್ಟಿಂಗಿನಿಂದಾಗಿ ಅಳಿಸಿಹೋಯಿತು. ಅವರು ಮತ್ತೆ ಎದ್ದು ನಿಲ್ಲಲು ನೆರವಾದದ್ದರಲ್ಲಿ ಬೇರೊಂದು ಕಂಪನಿಯಲ್ಲಿ ಇಟ್ಟಿದ್ದ ಬ್ಯಾಕಪ್ ಕೂಡ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ನೌಕರರ ಕಡತಗಳಿದ್ದ ಜಿ-ಡ್ರೈವ್ ಎಂಬ ಸರ್ಕಾರದ್ದೇ ಕ್ಲೌಡ್ ಸುಟ್ಟುಹೋಯಿತು. 858 ಟಿಬಿ. ಅಷ್ಟು ದೊಡ್ಡದಕ್ಕೆ ಹೊರಗೆ ಬ್ಯಾಕಪ್ ಇಟ್ಟಿರಲಿಲ್ಲ. ಒಂದು ದೇಶದ ಸರ್ಕಾರಕ್ಕೇ ಹಾಗಾದರೆ ಹದಡಿ ರಸ್ತೆಯ ಸ್ಟುಡಿಯೊದವರು ನಾಲ್ಕು ಸಲ ಯೋಚಿಸಬೇಕು.

ನಮ್ಮ ಮೂರನೇ ಪ್ರತಿ ಅಮೆಜಾನಿನ ಎಸ್3 ಎಂಬ ಕ್ಲೌಡ್ ಸಂಗ್ರಹ ಸೇವೆಯಲ್ಲಿದೆ, 2016ರಿಂದ ನಡೆಯುತ್ತಿರುವ ಮುಂಬೈ ರೀಜನ್‌ನಲ್ಲಿ. ಇದು ಡ್ರೈವ್‌ನ ಹಾಗೆ ದಿನಬಳಕೆಗೆ ಅಲ್ಲ. ಮುಗಿದ ಕೆಲಸವನ್ನು ತಿಂಗಳ ಕೊನೆಗೆ ಅಲ್ಲಿಗೆ ಕಳಿಸಿ, ಇಂತಿಷ್ಟು ಕಾಲ ಯಾರೂ ಅಳಿಸಲಾಗದಂತೆ ಬೀಗ ಹಾಕುತ್ತೇವೆ. ಆಬ್ಜೆಕ್ಟ್ ಲಾಕ್ ಎಂದು ಅದರ ಹೆಸರು. ಅದರ ಗಟ್ಟಿ ಬಗೆಯ ಬೀಗ ಹಾಕಿದರೆ ಅವಧಿ ಮುಗಿಯುವವರೆಗೆ ಮಾಲೀಕರೂ ಅಳಿಸಲಾರರು. ಇಡುವ ಖರ್ಚು ಕಡಿಮೆ, ವಾಪಸ್ ಇಳಿಸಿಕೊಳ್ಳುವಾಗ ಬೇರೆ ದರ ಬೀಳುತ್ತದೆ, ಅಪರೂಪಕ್ಕೆ ತೆಗೆಯುವ ಫೈಲುಗಳಿಗೆಂದೇ ಇರುವ ಗ್ಲೇಸಿಯರ್‌ನ ಅಗ್ಗದ ಬಗೆಗಳಲ್ಲಾದರೆ ಫೈಲ್ ಕೈಗೆ ಬರಲು ಗಂಟೆಗಟ್ಟಲೆ ಕಾಯಬೇಕು. ಬಿಲ್ ಡಾಲರ್ ಲೆಕ್ಕದಲ್ಲಿ ನಿಗದಿಯಾಗುವುದರಿಂದ ರೂಪಾಯಿ ಬಿದ್ದಾಗ ಅದೂ ಏರುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರು ನಂಬರನ್ನು ಖಾತೆಯಲ್ಲಿ ಮೊದಲೇ ತುಂಬಿ.

ದರದ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ. ಮಿತಿಯಿಲ್ಲದ ಜಾಗ ಎಂಬ ಮಾತು ಕೇಳಿದರೆ ನಂಬಬೇಡಿ. ಗೂಗಲ್ ಫೋಟೋಸ್‌ನ ಉಚಿತ ಅನಿಯಮಿತ ಸಂಗ್ರಹ 2021ರ ಜೂನ್ 1ಕ್ಕೆ ನಿಂತಿತು. ವಿಶ್ವವಿದ್ಯಾಲಯಗಳಿಗೆ ಕೊಟ್ಟಿದ್ದ ಅನಿಯಮಿತ ಡ್ರೈವ್‌ಗೂ ಗೂಗಲ್ ಮಿತಿ ಹಾಕಿತು. ಡ್ರಾಪ್‌ಬಾಕ್ಸ್ ತನ್ನ ಅಡ್ವಾನ್ಸ್ಡ್ ಪ್ಲಾನಿನ 'ಬೇಕಾದಷ್ಟು' ಜಾಗವನ್ನು 2023ರ ಆಗಸ್ಟ್‌ನಲ್ಲಿ ಹಿಂತೆಗೆದುಕೊಂಡಿತು. ಕ್ರಿಯೇಟಿವ್ ಕ್ಲೌಡ್ ಜೊತೆ ಬರುವ 100 ಜಿಬಿಯಲ್ಲೇ ಫೋಲ್ಡರ್ ಸಿಂಕ್ ಮಾಡಿಕೊಂಡಿದ್ದ ವೈಯಕ್ತಿಕ ಖಾತೆಯವರಿಗೆ ಅಡೋಬಿ 2024ರ ಫೆಬ್ರುವರಿಯಿಂದ ಆ ಸೌಲಭ್ಯ ನಿಲ್ಲಿಸತೊಡಗಿತು. ಇವೆಲ್ಲ ವ್ಯಾಪಾರದ ತೀರ್ಮಾನಗಳು, ಅವರವರ ಹಕ್ಕು. ನಾವು ಮಾಡಬೇಕಾದದ್ದು, ನಾಳೆ ಈ ಕಂಪನಿ ಬಿಟ್ಟರೆ ನಮ್ಮ ಫೈಲುಗಳನ್ನು ಇದ್ದ ಫೋಲ್ಡರ್ ಸಮೇತ ಹೊರತರಬಹುದೇ ಎಂದು ಸೇರುವ ದಿನವೇ ಕೇಳುವುದು. ಪಿಎಸ್‌ಡಿ ಇದ್ದದ್ದು ಪಿಎಸ್‌ಡಿಯಾಗಿಯೇ ಬರುತ್ತದೆ. ಅಡೋಬಿಯ ಕ್ಲೌಡ್ ಡಾಕ್ಯುಮೆಂಟ್ ಎಂದು ಸೇವ್ ಮಾಡಿದ್ದು, ಬ್ರೌಸರಿನಲ್ಲೇ ವಿನ್ಯಾಸ ಮಾಡುವ ಫಿಗ್ಮಾದಲ್ಲೇ ಹುಟ್ಟಿದ್ದು, ಅವರವರ ಸಾಫ್ಟ್‌ವೇರಿಗೆ ಕಟ್ಟಿಹಾಕಿದ ಸರಕು. ವೆಬ್‌ಸೈಟ್ ಕೆಲಸಕ್ಕೆ ಫಿಗ್ಮಾ ಬಳಸುತ್ತೇವೆ, ಮುಗಿದ ಕೂಡಲೇ ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಕೆಡದ ಗೆರೆಚಿತ್ರದ ಫೈಲು) ಮತ್ತು ಪಿಡಿಎಫ್ ತೆಗೆದು ಡ್ರೈವ್‌ಗೂ ಹಾಕುತ್ತೇವೆ.

ಇಲ್ಲಿಯವರೆಗೆ ಬರೆದದ್ದು ಯಾವ ಊರಿನ ಸ್ಟುಡಿಯೊಗಾದರೂ ಹೊಂದುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಇರುವ ತೊಡಕು ಬೇರೆಯೇ ಇದೆ, ಅದನ್ನು ಕ್ಲೌಡ್ ಮಾರುವ ಯಾರೂ ಹೇಳುವುದಿಲ್ಲ. ನಮ್ಮ ಪ್ರೆಸ್ ಲೋಕ ಇವತ್ತಿಗೂ ಬಹುಮಟ್ಟಿಗೆ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ನಡೆಯುತ್ತಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಎಂಬ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಂಕೇತ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ರಾಶಿ. ಕ್ಲೌಡ್‌ನ ಹುಡುಕಾಟ ಫೈಲಿನೊಳಗಿನ ಪದಗಳನ್ನೂ ಹುಡುಕಿಕೊಡುತ್ತದೆ ಎಂದು ಹೊಗಳುತ್ತಾರಲ್ಲ, ನುಡಿಯಲ್ಲಿ ಬರೆದ ಲಗ್ನಪತ್ರಿಕೆಯಲ್ಲಿ 'ಬಸವರಾಜ' ಎಂದು ಹುಡುಕಿದರೆ ಅದಕ್ಕೆ ಏನೂ ಸಿಗುವುದಿಲ್ಲ. ಮೇಲಾಗಿ ನಮ್ಮ ಕಡೆ ಎಲ್ಲರೂ ಬಳಸುವ ಕೋರೆಲ್‌ಡ್ರಾದ ಸಿಡಿಆರ್ ಫೈಲನ್ನು ಡ್ರೈವ್ ತೆರೆದು ತೋರಿಸುವುದಿಲ್ಲ, ಇಲ್ಲಸ್ಟ್ರೇಟರ್, ಫೋಟೊಶಾಪ್ ಫೈಲುಗಳನ್ನು ತೋರಿಸುತ್ತದೆ. ಹೊಸ ಕೋರೆಲ್‌ನಲ್ಲಿ ಉಳಿಸಿದ್ದನ್ನು ಹಳೆಯ ಕೋರೆಲ್ ತೆರೆಯುವುದಿಲ್ಲ, ಪ್ರೆಸ್ಸಿನಲ್ಲಿರುವುದು ಹಳೆಯದೇ.

ಹಾಗಾಗಿ ನಮ್ಮಲ್ಲಿ ಒಂದು ಕೆಲಸ ಎಂದರೆ ಒಂದು ಫೋಲ್ಡರ್. ಅದರಲ್ಲಿ ಮೂಲ ಸಿಡಿಆರ್ ಇರುತ್ತದೆ, ಪ್ರೆಸ್ಸಿಗೆಂದು ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿಸಿ, ಹಳೆಯ ಆವೃತ್ತಿಯಲ್ಲಿ ಉಳಿಸಿದ ಪ್ರತಿ ಇರುತ್ತದೆ, ಯಾರ ಫೋನಿನಲ್ಲಾದರೂ ಕಾಣುವ ಒಂದು ಪಿಡಿಎಫ್ ಇರುತ್ತದೆ, ಬಳಸಿದ ಫಾಂಟುಗಳು ಪಕ್ಕದಲ್ಲೇ ಇರುತ್ತವೆ. ಹುಡುಕಾಟಕ್ಕೆಂದು ಯೂನಿಕೋಡ್‌ನಲ್ಲಿ ನಾಲ್ಕು ಸಾಲಿನ ಒಂದು ಟಿಪ್ಪಣಿ: ಗ್ರಾಹಕರ ಹೆಸರು, ಊರು, ಕೆಲಸದ ಬಗೆ, ಗಾತ್ರ. ಈ ನಾಲ್ಕು ಸಾಲು ಟೈಪ್ ಮಾಡಲು ಹುಡುಗರಿಗೆ ಮೊದಮೊದಲು ಬೇಸರವಿತ್ತು. ಈಗ ಅವರೇ ಹೊಸಬರಿಗೆ "ಟಿಪ್ಪಣಿ ಹಾಕ್ದ ಹೊರತು ಕೆಲ್ಸ ಮುಗ್ದಂಗಲ್ಲ ನೋಡ್" ಎಂದು ಹೇಳಿಕೊಡುತ್ತಾರೆ. ಫೋಲ್ಡರ್ ಹೆಸರು ವರ್ಷ, ತಿಂಗಳಿನಿಂದ ಶುರುವಾಗುತ್ತದೆ ಮತ್ತು ಚಿಕ್ಕದಾಗಿರುತ್ತದೆ. ವಿಂಡೋಸ್‌ನಲ್ಲಿ ಫೋಲ್ಡರಿನೊಳಗೆ ಫೋಲ್ಡರ್ ಎಂದು ಹೋಗಿ ಪೂರ್ತಿ ದಾರಿ 260 ಅಕ್ಷರ ದಾಟಿದರೆ ಹಲವು ಸಾಫ್ಟ್‌ವೇರುಗಳು ತಡವರಿಸುತ್ತವೆ. 'ಫೈನಲ್', 'ಫೈನಲ್ ಫೈನಲ್', 'ಲಾಸ್ಟ್ ಫೈನಲ್' ಎಂಬ ಹೆಸರುಗಳಿಗೆ ನಮ್ಮಲ್ಲಿ ಜಾಗವಿಲ್ಲ. ಆವೃತ್ತಿಗೆ ಸಂಖ್ಯೆ, ಒಪ್ಪಿಗೆಯಾದದ್ದಕ್ಕೆ 'ಒಪ್ಪಿದೆ' ಎಂಬ ಪದ.

ಹೋದ ವರ್ಷ ಒಬ್ಬ ಹಿರಿಯ ವ್ಯಾಪಾರಿ ತಮ್ಮ ಅಂಗಡಿಯ ಹಳೆಯ ಲೆಟರ್‌ಹೆಡ್ ತಂದಿದ್ದರು. ಕೆಳಗೆ 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಎಂದು ಅಚ್ಚಾಗಿತ್ತು, 1997ಕ್ಕೆ ಮುಂಚಿನದ್ದು. ಅಚ್ಚಿನ ಮೊಳೆ ಜೋಡಿಸಿ ಮಾಡಿದ ಕೆಲಸ, ಅಕ್ಷರಗಳ ನಡುವಿನ ಅಂತರ ನೋಡಿದರೆ ಜೋಡಿಸಿದವರ ಕೈ ಗೊತ್ತಾಗುತ್ತಿತ್ತು. "ಇದರಂಗೇ ಮಾಡ್ರಿ, ಜಿಲ್ಲೆ ಒಂದು ತಿದ್ರಿ" ಅಂದರು. ಅದನ್ನು ಸ್ಕ್ಯಾನ್ ಮಾಡಿ, ಆ ಅಕ್ಷರಗಳ ಆಕಾರಕ್ಕೆ ಹತ್ತಿರವಾಗುವಂತೆ ಎಳೆದೆವು. ಮೂಲದ ಸ್ಕ್ಯಾನನ್ನು ದೊಡ್ಡ ರೆಸಲ್ಯೂಶನ್‌ನಲ್ಲಿ ಅವರ ಫೋಲ್ಡರಿನಲ್ಲೇ ಇಟ್ಟಿದ್ದೇವೆ, ಅವರ ಮಗನ ಮೇಲ್‌ಗೂ ಒಂದು ಪ್ರತಿ ಕಳಿಸಿದೆವು. ಆ ದಿನದಿಂದ ಇದನ್ನೇ ರೂಢಿ ಮಾಡಿಕೊಂಡಿದ್ದೇವೆ. ಲಾಂಛನ, ಬೋರ್ಡು, ಚೀಲದ ವಿನ್ಯಾಸದಂಥ ದೊಡ್ಡ ಕೆಲಸ ಮುಗಿದಾಗ ಪಿಡಿಎಫ್ ಮತ್ತು ಎಸ್‌ವಿಜಿಯನ್ನು ಗ್ರಾಹಕರ ಕೈಗೇ ಕೊಡುತ್ತೇವೆ. ಫೈಲ್ ಕೊಟ್ಟರೆ ಅವರು ಬೇರೆ ಕಡೆ ಹೋಗುತ್ತಾರೆ ಎಂದು ಕೆಲವು ಸ್ನೇಹಿತರು ಬುದ್ಧಿ ಹೇಳಿದರು. ಹೋಗುವವರು ಹೋಗಲಿ. ದುಡ್ಡು ಕೊಟ್ಟು ಮಾಡಿಸಿಕೊಂಡ ಲಾಂಛನ ಅವರದ್ದು, ನಾವು ಕಾಯುವವರು ಮಾತ್ರ.

ಬಾಕಿ ಇರುವುದು ಹಳೆಯ ಸಿಡಿಗಳ ಪೆಟ್ಟಿಗೆ. ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಕಾಲದ ಕೆಲಸಗಳು, ಕಾಲೇಜುಗಳ ಸಂಚಿಕೆಗಳು, ನಾಟಕ ಕಂಪನಿಯ ಕರಪತ್ರಗಳು. ಕೆಲವು ಸಿಡಿಗಳನ್ನು ಕಂಪ್ಯೂಟರ್ ಓದುತ್ತಲೇ ಇಲ್ಲ, ಓದಿದವುಗಳಲ್ಲಿ ಅರ್ಧಕ್ಕೆ ಫಾಂಟ್ ಇಲ್ಲ. ಮಳೆಗಾಲದಲ್ಲಿ ಮದುವೆ ಕಡಿಮೆ, ಕೈ ಸ್ವಲ್ಪ ಬಿಡುವಾಗುತ್ತದೆ. ಆಷಾಢ ಶುರುವಾದ ಕೂಡಲೇ ಒಬ್ಬರನ್ನು ಅದಕ್ಕೇ ಕೂರಿಸಬೇಕು ಎಂದು ಮಾತಾಗಿದೆ. ಹರಿಹರ, ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಪ್ರೆಸ್ಸಿನವರಲ್ಲಿ ಯಾರ ಬಳಿಯಾದರೂ ಪೇಜ್‌ಮೇಕರ್ ಓಡುವ ಹಳೆಯ ಕಂಪ್ಯೂಟರ್, ಆಗಿನ ಕನ್ನಡ ಫಾಂಟುಗಳು ಉಳಿದಿದ್ದರೆ ದಯವಿಟ್ಟು ತಿಳಿಸಿ, ನಾವೇ ಬಂದು ಅಲ್ಲೇ ಕೂತು ಪಿಡಿಎಫ್ ಮಾಡಿಕೊಂಡು ಹೋಗುತ್ತೇವೆ.